ವಿಮಾನ ಹತ್ತುವ ಮುನ್ನ ನಾಯಿಗೂ ರಕ್ತಪರೀಕ್ಷೆ

ನನ್ನ ಮಗಳ ಸಂಸಾರ ಬೆಂಗಳೂರಿನಿಂದ ಜೊಹಾನ್ಸ್‌ಬರ್ಗ್‌ಗೆ ಹೊರಟಿದೆ. ಅವರ ನಾಯಿ ಕರಿಯನೂ ಜೊತೆಗೆ ಹೋಗಬೇಕು. ಅವನಿಗೆ ಬೇಕಾದ ಕಾಗದಪತ್ರ ವಿಚಾರಿಸುವ ಕೆಲಸ ನನ್ನ ಪಾಲಿಗೆ ಬಂತು. ಮೈಕ್ರೋಚಿಪ್, ರೇಬಿಸ್ ಲಸಿಕೆ ಇದ್ದರಷ್ಟೇ ಸಾಲದು. ನಮ್ಮ ದೇಶದಿಂದ ಬರುವ ನಾಯಿಗಳಿಗೆ ಐದು ರೋಗಗಳ ರಕ್ತಪರೀಕ್ಷೆ ಆಗಿರಬೇಕು ಎನ್ನುತ್ತದೆ ದಕ್ಷಿಣ ಆಫ್ರಿಕಾ. ಅವುಗಳಲ್ಲಿ ಒಂದು, ಉಣ್ಣಿ ಕಚ್ಚಿ ಹರಡುವ ‘ಬೆಬೀಸಿಯಾ ಗಿಬ್ಸೋನಿ’.

“ಕರಿಯ ಚೆನ್ನಾಗೇ ಇದ್ದಾನಲ್ಲ ತಾತ, ಪರೀಕ್ಷೆ ಯಾಕೆ?” ಎಂದಳು ಮೊಮ್ಮಗಳು.

ಒಳ್ಳೆಯ ಪ್ರಶ್ನೆ, ಮಕ್ಕಳೇ. ಈ ಜೀವಿ ನಾಯಿಯ ಕೆಂಪು ರಕ್ತಕಣಗಳ ಒಳಗೆ ಸೇರಿ ಅವನ್ನು ನಾಶ ಮಾಡುತ್ತದೆ. ಜ್ವರ ಬರುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ನಾಯಿ ಊಟ ಬಿಡುತ್ತದೆ. ಗುಣವಾದ ಮೇಲೂ ಎಷ್ಟೋ ನಾಯಿಗಳ ರಕ್ತದಲ್ಲಿ ಅದು ಅಡಗಿಯೇ ಉಳಿಯುತ್ತದೆ. ನಾಯಿ ಓಡಾಡಿಕೊಂಡು ಆಡುತ್ತಿರುತ್ತದೆ. ಅದನ್ನು ಕಚ್ಚಿದ ಉಣ್ಣಿ ಮಾತ್ರ ರೋಗವನ್ನು ಇನ್ನೊಂದು ನಾಯಿಗೆ ದಾಟಿಸಬಲ್ಲದು. ಕಣ್ಣಿಗೆ ಕಾಣದ್ದನ್ನು ರಕ್ತಪರೀಕ್ಷೆಯೇ ಹೇಳಬೇಕು.

ಈ ಜೀವಿಯನ್ನು ಮೊದಲು ಗುರುತಿಸಿದ್ದು ನಮ್ಮ ನೆರೆಯ ಮದರಾಸಿನಲ್ಲೇ. 1910ರಲ್ಲಿ ಪ್ಯಾಟನ್ ಎಂಬ ವಿಜ್ಞಾನಿ ಅಲ್ಲಿನ ಬೇಟೆನಾಯಿಗಳ ರಕ್ತದಲ್ಲಿ, ಆಮೇಲೆ ನರಿಗಳಲ್ಲೂ ಇದನ್ನು ಕಂಡು ವರದಿ ಮಾಡಿದ.

ಹೊಸ ಊರಿಗೆ ಇಂಥ ರೋಗ ಹೊಕ್ಕರೆ ಏನಾಗುತ್ತದೆ? ಉಣ್ಣಿಯಿಂದಲೇ ಬರುವ ಇನ್ನೊಂದು ರೋಗದ ಕಥೆ ಕೇಳಿ. ‘ಎರ್ಲಿಕಿಯಾ ಕ್ಯಾನಿಸ್’ ತಮ್ಮಲ್ಲಿಲ್ಲ ಎಂದೇ ಆಸ್ಟ್ರೇಲಿಯಾದವರು ನಂಬಿದ್ದರು. 2020ರ ಮೇ ತಿಂಗಳಲ್ಲಿ ಅದು ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಪ್ರದೇಶದ ನಾಯಿಗಳಲ್ಲಿ ಪತ್ತೆಯಾಯಿತು; ಮುಂದೆ ಬೇರೆ ರಾಜ್ಯಗಳಲ್ಲೂ ಕಾಣಿಸಿಕೊಂಡಿತು. ಎಷ್ಟೋ ನಾಯಿಗಳು ಸತ್ತವು. ನಮ್ಮ ನಾಯಿಯ ಪರೀಕ್ಷೆ ಅಲ್ಲಿನ ಮಕ್ಕಳ ನಾಯಿಗಳಿಗೂ ರಕ್ಷೆ.

ಅಜ್ಜ-ಅಜ್ಜಿಯರಿಗೆ ಒಂದು ಮಾತು. ಟಿಕೆಟ್ ತೆಗೆದ ಮೇಲೆ ಪರೀಕ್ಷೆಗೆ ಓಡಬೇಡಿ. ಕೆಲವು ತಿಂಗಳು ಮೊದಲೇ ಒಮ್ಮೆ ರಕ್ತ ಕೊಟ್ಟು ನೋಡಿ. ರೋಗ ಸಿಕ್ಕರೆ ಚಿಕಿತ್ಸೆಗೆ ಸಮಯವಿರುತ್ತದೆ. ಹೊರಡುವ ಮುನ್ನ ನಿಯಮದಂತೆ ಮತ್ತೆ ಮಾಡಿಸಬೇಕು. ಹೋಗುವ ದೇಶದ ಈಗಿನ ನಿಯಮವನ್ನು ಪಶುವೈದ್ಯರಲ್ಲೂ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯಲ್ಲೂ ಕೇಳಿ.

ಮಕ್ಕಳಿಗೂ ಕೆಲಸವಿದೆ. ದಿನಾ ಸಂಜೆ ನಾಯಿಯ ಕಿವಿ, ಕತ್ತು, ಬೆರಳ ಸಂದು ನೋಡಿ. ಉಣ್ಣಿ ಕಂಡರೆ ಕೈಯಲ್ಲಿ ಹಿಸುಕದೆ ದೊಡ್ಡವರನ್ನು ಕರೆಯಿರಿ. ಅವರು ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯಲಿ.