ತುರ್ತು ಘಟಕದಲ್ಲಿ ಒಂದು ಬೇಸಿಗೆ

ಅಮೆರಿಕದ ವೈದ್ಯಕೀಯ ವಿದ್ಯಾರ್ಥಿಗೆ ನಾಲ್ಕು ವರ್ಷದ ಓದಿನಲ್ಲಿ ಬೇಸಿಗೆ ರಜೆ ಅನ್ನುವಂಥದ್ದು ಸಿಗುವುದು ಸಾಮಾನ್ಯವಾಗಿ ಒಂದೇ ಸಲ, ಮೊದಲ ವರ್ಷ ಮುಗಿದಾಗ. ಮುಂದೆ ತುರ್ತು ಚಿಕಿತ್ಸೆಯನ್ನೇ ವೃತ್ತಿ ಮಾಡಿಕೊಳ್ಳೋಣವೇ ಎಂಬ ಯೋಚನೆ ಇರುವವರು ಆ ಕೆಲವು ವಾರಗಳನ್ನು ಆಸ್ಪತ್ರೆಯ ತುರ್ತು ಘಟಕಕ್ಕೆ ಕೊಡುತ್ತಾರೆ. ವೈದ್ಯರ ಜೊತೆಗಿದ್ದು ಪಾಳಿ ನೋಡುವುದು, ಆಂಬುಲೆನ್ಸ್ ಹತ್ತಿ ಹೋಗುವುದು, ಅಲ್ಟ್ರಾಸೌಂಡ್ ಕಲಿಯುವುದು, ಸಂಶೋಧನೆಗೆ ನೆರವಾಗುವುದು ಹೀಗೆ ದಾರಿಗಳು ಹಲವು. ಆದರೆ ಮೊದಲ ವರ್ಷ ಮುಗಿಸಿದವರಿಗೆ ಅಂಗರಚನೆ ಗೊತ್ತಿರುತ್ತದೆ, ರೋಗಿ ಗೊತ್ತಿರುವುದಿಲ್ಲ. ಔಷಧಿ ಬರೆಯುವ ಅಧಿಕಾರವಂತೂ ಇಲ್ಲ. ಇಂಥವರಿಂದ ಯಾರಿಗೇನು ಉಪಯೋಗ?

ಇದೆ. ಅದಕ್ಕೆ ಕಾರಣ ಈ ವಿಭಾಗದ ಸ್ವಭಾವ. ಸಕ್ಕರೆ ಕಾಯಿಲೆಯ ಬಗ್ಗೆ ಅಧ್ಯಯನ ಮಾಡುವವರು ರೋಗಿಗೆ ಬರುವ ಸೋಮವಾರ ಬನ್ನಿ ಎನ್ನಬಹುದು. ತಲೆಗೆ ಪೆಟ್ಟು ಬಿದ್ದವರು, ಎದೆನೋವಿನವರು, ವಿಷ ಕುಡಿದವರು ಹೇಳಿ ಬರುವುದಿಲ್ಲ. ಬಂದವರು ಕೆಲವೇ ಗಂಟೆಗಳಲ್ಲಿ ವಾರ್ಡಿಗೋ ಮನೆಗೋ ಹೋಗಿಬಿಡುತ್ತಾರೆ. ಅಷ್ಟರೊಳಗೆ ಒಪ್ಪಿಗೆ ಕೇಳಿ, ವಿವರ ಬರೆದುಕೊಳ್ಳಲು ಒಬ್ಬರು ಅಲ್ಲಿರಬೇಕು. ಡ್ಯೂಟಿ ಡಾಕ್ಟರಿಗೆ ಅಷ್ಟು ಪುರುಸೊತ್ತಿರುವುದಿಲ್ಲ. ಹಗಲಲ್ಲಿ ಮಾತ್ರ ಬರೆದುಕೊಂಡರಾಯಿತು ಎನ್ನುವಂತೆಯೂ ಇಲ್ಲ. ಕುಡಿದು ಬಿದ್ದವರು, ಹೊಡೆದಾಡಿಕೊಂಡವರು ಹೆಚ್ಚಾಗಿ ಬರುವುದು ರಾತ್ರಿ. ಅವರನ್ನು ಬಿಟ್ಟು ಮಾಡಿದ ಅಧ್ಯಯನದ ಫಲಿತಾಂಶ ಹಗಲಿನ ರೋಗಿಗಳಿಗಷ್ಟೇ ಸರಿ. ಹಾಗಾಗಿ ರಾತ್ರಿ ಎರಡು ಗಂಟೆಗೆ ಕೈಯಲ್ಲಿ ಫಾರಂ ಹಿಡಿದು ಕಾಯುವ ವಿದ್ಯಾರ್ಥಿ ಸಂಶೋಧನೆಗೆ ಬೇಕೇಬೇಕಾದವನು.

ಹೀಗೆ ಬಾಗಿಲಲ್ಲಿ ನಿಂತು ಬರೆದುಕೊಂಡ ವಿವರಗಳಿಂದ ಏನು ಹುಟ್ಟುತ್ತದೆ ಎಂಬುದಕ್ಕೆ ಕೆನಡಾದ ಒಂದು ಉದಾಹರಣೆ ಸಾಕು. ಕಾಲಿನ ಹರಡು ಉಳುಕಿ ಬಂದವರಿಗೆಲ್ಲ ಎಕ್ಸ್‌ರೇ ತೆಗೆಸುವುದು ರೂಢಿಯಾಗಿತ್ತು. ಮೂಳೆ ಮುರಿದಿರುತ್ತಿದ್ದುದು ಅವರಲ್ಲಿ ಸ್ವಲ್ಪ ಜನರಿಗೆ ಮಾತ್ರ. ಇಯಾನ್ ಸ್ಟೀಲ್ ಮತ್ತು ಸಂಗಡಿಗರು ಒಟ್ಟಾವದ ಎರಡು ಆಸ್ಪತ್ರೆಗಳ ತುರ್ತು ಘಟಕಗಳಿಗೆ ಬಂದ 750 ರೋಗಿಗಳಲ್ಲಿ 32 ಲಕ್ಷಣಗಳನ್ನು ದಾಖಲಿಸಿ, ಯಾವುದು ಮುರಿತವನ್ನು ಸೂಚಿಸುತ್ತದೆ ಎಂದು ಜಾಲಾಡಿದರು. 1992ರಲ್ಲಿ ಹೊರಬಂದ ನಿಯಮದಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ಹರಡಿನ ಎರಡೂ ಪಕ್ಕ ಉಬ್ಬಿದ ಮೂಳೆ ಇದೆಯಲ್ಲ, ಅದರ ಹಿಂಬದಿಯ ಅಂಚನ್ನು ತುದಿಯಿಂದ ಆರು ಸೆಂಟಿಮೀಟರ್‌ವರೆಗೆ ಒತ್ತಿ ನೋಡಿ. ಅಲ್ಲಿ ನೋವಿಲ್ಲದಿದ್ದರೆ, ಪೆಟ್ಟಾದ ಕೂಡಲೇ ಅಥವಾ ಆಸ್ಪತ್ರೆಯಲ್ಲಿ ರೋಗಿ ನಾಲ್ಕು ಹೆಜ್ಜೆ ಇಡಬಲ್ಲನಾದರೆ, ಹರಡಿನ ಎಕ್ಸ್‌ರೇ ಬೇಡ. ಪಾದದ ನಡುಭಾಗಕ್ಕೂ ಇಂಥದ್ದೇ ಒಂದು ನಿಯಮವಿದೆ. ಆಮೇಲೆ ಹಲವು ದೇಶಗಳಲ್ಲಿ ಪರೀಕ್ಷಿಸಿದಾಗ ಈ ನಿಯಮ ಮುರಿತವನ್ನು ತಪ್ಪಿಸಿಕೊಳ್ಳಲು ಬಿಟ್ಟದ್ದು ತೀರಾ ಅಪರೂಪ.

ಇಷ್ಟು ಸರಳ ಪ್ರಶ್ನೆಗೆ 1992ರವರೆಗೆ ಕಾಯಬೇಕಾಗಿ ಬಂದದ್ದಕ್ಕೆ ಆಶ್ಚರ್ಯಪಡಬೇಕಿಲ್ಲ; ಶಾಸ್ತ್ರವೇ ಎಳೆಯದು. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ತುರ್ತು ಚಿಕಿತ್ಸೆಯ ಮೊದಲ ತಜ್ಞ ತರಬೇತಿ ಶುರುವಾದದ್ದು 1970ರಲ್ಲಿ. ಪ್ರತ್ಯೇಕ ವಿಭಾಗವೆಂಬ ಮನ್ನಣೆ ಸಿಕ್ಕಿದ್ದು 1979ರಲ್ಲಿ. ಭಾರತದಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಈ ವಿಷಯದ ಎಂ.ಡಿ.ಗೆ ಮಾನ್ಯತೆ ಕೊಟ್ಟದ್ದು 2009ರಲ್ಲಿ. ಅದಕ್ಕೆ ಮುಂಚಿನ ವರ್ಷ ಕರ್ನಾಟಕದಲ್ಲಿ 108 ಆಂಬುಲೆನ್ಸ್ ಓಡಾಟ ಆರಂಭವಾಗಿತ್ತು.

ನಮ್ಮ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಅಮೆರಿಕದಷ್ಟು ಉದ್ದದ ರಜೆ ಇಲ್ಲ. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಲ್ಲಿ ಆರಂಭಿಸಿದ ಅಲ್ಪಾವಧಿ ವಿದ್ಯಾರ್ಥಿವೇತನ ಯೋಜನೆ ಇದೆ. ಕಾಲೇಜಿನ ಒಬ್ಬ ಅಧ್ಯಾಪಕರ ಮಾರ್ಗದರ್ಶನದಲ್ಲಿ ಎರಡು ತಿಂಗಳ ಒಂದು ಸಣ್ಣ ಅಧ್ಯಯನ. ಜಿಲ್ಲಾ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಇದಕ್ಕೆ ವಿಷಯಗಳಿಗೇನು ಬರ? ಕೊಳಕುಮಂಡಲ ಕಚ್ಚಿದವರ ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತದೆ. ಅದನ್ನು ಕಂಡುಹಿಡಿಯಲು ಯಂತ್ರ ಬೇಡ. ಎರಡು ಮಿಲಿಲೀಟರ್ ರಕ್ತವನ್ನು ಹೊಸ, ಒಣ ಗಾಜಿನ ಟೆಸ್ಟ್‌ಟ್ಯೂಬಿಗೆ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಒಮ್ಮೆ ಓರೆ ಮಾಡಬೇಕು. ರಕ್ತ ಹರಿದರೆ ಪ್ರತಿವಿಷ ಕೊಡಬೇಕೆಂದು ಅರ್ಥ. ಟ್ಯೂಬು ಪ್ಲಾಸ್ಟಿಕ್ಕಿನದಾಗಿದ್ದರೆ ಅಥವಾ ಸೋಪಿನ ಪುಡಿಯಲ್ಲಿ ತೊಳೆದದ್ದಾಗಿದ್ದರೆ ಪರೀಕ್ಷೆ ದಾರಿ ತಪ್ಪಿಸುತ್ತದೆ. ಹಾವು ಕಚ್ಚಿ ಎಷ್ಟು ಹೊತ್ತಿಗೆ ಬಂದರು, ಮೊದಲು ಎಲ್ಲಿಗೆ ಹೋಗಿದ್ದರು, ಪ್ರತಿವಿಷ ಯಾವಾಗ ಸಿಕ್ಕಿತು ಎಂಬ ಮೂರೇ ಪ್ರಶ್ನೆ ಹಿಡಿದು ಎರಡು ತಿಂಗಳು ಕೂತರೂ ಆ ತಾಲ್ಲೂಕಿಗೆ ಬೇಕಾದ ಉತ್ತರ ಸಿಕ್ಕೀತು.

ಹೀಗೆ ಕೂತವರಿಗೆ ವೃತ್ತಿಯ ನಿಜರೂಪವೂ ತಿಳಿಯುತ್ತದೆ. ತಲೆನೋವೆಂದು ಬಂದವರಿಗೆ ಸಾಮಾನ್ಯ ಕಾರಣ ಯಾವುದು ಎಂದು ಕೇಳುವ ಮೊದಲೇ, ಪ್ರಾಣಕ್ಕೆ ಎರವಾಗುವ ಕಾರಣ ಯಾವುದಿರಬಹುದು ಎಂದು ಕೇಳಿಕೊಳ್ಳುವುದು ಇಲ್ಲಿನ ಕ್ರಮ. ರೋಗದ ಹೆಸರು ತಿಳಿಯುವ ಮೊದಲೇ ರೋಗಿಯನ್ನು ಬೇರೆಯವರಿಗೆ ಒಪ್ಪಿಸಬೇಕಾಗುತ್ತದೆ. ಆಮೇಲೇನಾಯಿತೆಂದು ಎಷ್ಟೋ ಸಲ ಗೊತ್ತಾಗುವುದಿಲ್ಲ. ಇದನ್ನು ಸಹಿಸಿಕೊಳ್ಳಬಲ್ಲೆವೇ ಎಂಬುದು ಸೈರನ್ನಿನ ಆಕರ್ಷಣೆಯಿಂದ ತೀರ್ಮಾನವಾಗುವ ಸಂಗತಿಯಲ್ಲ. ಆದ್ದರಿಂದ ಅವಕಾಶ ಆರಿಸಿಕೊಳ್ಳುವಾಗ ಎಷ್ಟು ದೊಡ್ಡ ಆಸ್ಪತ್ರೆ ಎಂದು ನೋಡುವುದಕ್ಕಿಂತ, ಅಲ್ಲಿ ರಾತ್ರಿ ಪಾಳಿ ಇದೆಯೇ, ತನ್ನ ಹೊಣೆಗೆಂದು ಒಂದು ಪ್ರಶ್ನೆ ಸಿಗುತ್ತದೆಯೇ ಎಂದು ವಿಚಾರಿಸುವುದು ಒಳ್ಳೆಯದು.