ಬೇರು ಸಮೇತ ಎತ್ತುವ ವಿದ್ಯೆ

ಮೈಸೂರಿನ ನಜರ್‌ಬಾದ್ ಬಳಿಯ ಹೈದರಾಲಿ ರಸ್ತೆಯಲ್ಲಿ 2025ರ ಏಪ್ರಿಲ್‌ನಲ್ಲಿ ಸುಮಾರು 40 ಮರಗಳು ಉರುಳಿದವು. ಕಾರಣ ರಸ್ತೆ ವಿಸ್ತರಣೆ. ಊರಿನ ಪರಿಸರಪ್ರಿಯರು ಬೀದಿಗಿಳಿದರು, ಪತ್ರಿಕೆಗಳಲ್ಲಿ ಬಿಸಿಬಿಸಿ ಚರ್ಚೆಯಾಯಿತು. ಮರಕ್ಕೆ ಕೊಡಲಿ ಬಿದ್ದಾಗಲೆಲ್ಲ ಹುಟ್ಟುವ ಪ್ರಶ್ನೆಯೊಂದಿದೆ: ‘ಕಡಿಯುವ ಬದಲು ಬೇರು ಸಮೇತ ಕಿತ್ತು ಬೇರೆ ಕಡೆ ನೆಡಬಹುದಲ್ಲವೇ?’ ಹಾಗೆ ಕೇಳುವವರು ಮೊಬೈಲ್‌ನಲ್ಲಿ ಒಂದು ವಿಡಿಯೊವನ್ನೂ ತೋರಿಸುತ್ತಾರೆ. ಟ್ರ್ಯಾಕ್ಟರ್ ಹಿಂದೆ ಜೋಡಿಸಿದ ಯಂತ್ರವೊಂದು ಮರವನ್ನು ತಬ್ಬಿ, ಉಕ್ಕಿನ ಅಲಗುಗಳನ್ನು ಮಣ್ಣಿಗೆ ಇಳಿಸಿ, ಎರಡು ಮೂರು ನಿಮಿಷದಲ್ಲಿ ಮಣ್ಣಿನ ಗಡ್ಡೆ ಸಮೇತ ಎತ್ತಿ ಹೊರಟುಬಿಡುತ್ತದೆ.

ವಿಡಿಯೊ ಸುಳ್ಳಲ್ಲ. ಆದರೆ ಆ ಯಂತ್ರ ಯಾವ ಮರಕ್ಕಾಗಿ ಹುಟ್ಟಿತು, ಯಾರ ಅಗತ್ಯಕ್ಕೆ ಹುಟ್ಟಿತು ಎಂದು ತಿಳಿದರೆ ನಮ್ಮ ಸಾಲುಮರಗಳ ವಿಷಯದಲ್ಲಿ ಅದರಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದು ತಾನಾಗಿ ಗೊತ್ತಾಗುತ್ತದೆ.

ರಾಜರ ಹಟ, ಮರದ ಪಾಡು

ಮರ ಸಾಗಿಸುವ ಆಸೆ ಬಹಳ ಹಳೆಯದು. ಈಜಿಪ್ಟಿನ ರಾಣಿ ಹ್ಯಾಟ್‌ಶೆಪ್‌ಸುಟ್ ಸುಮಾರು 3,500 ವರ್ಷಗಳ ಹಿಂದೆ ಪುಂಟ್ ದೇಶಕ್ಕೆ ಹಡಗು ಕಳುಹಿಸಿ ಸುಗಂಧದ ಮರಗಳನ್ನು ತರಿಸಿದಳು. ದೇರ್ ಅಲ್ ಬಹ್ರಿಯ ಅವಳ ಗುಡಿಯ ಗೋಡೆಯಲ್ಲಿ ಆ ದೃಶ್ಯ ಇಂದಿಗೂ ಇದೆ. ಬುಟ್ಟಿಯಲ್ಲಿ ಬೇರು ಮುಚ್ಚಿದ ಗಿಡಗಳನ್ನು ಕಂಬಕ್ಕೆ ನೇತುಹಾಕಿ ಆಳುಗಳು ಹೆಗಲ ಮೇಲೆ ಹೊತ್ತು ನಡೆದಿದ್ದಾರೆ. ಬೇರನ್ನು ಬರಿದು ಮಾಡಬಾರದು, ಮಣ್ಣು ಜೊತೆಗಿರಬೇಕು ಎಂಬ ಮೊದಲ ಪಾಠ ಆಗಲೇ ತಿಳಿದಿತ್ತು.

ಫ್ರಾನ್ಸಿನ 14ನೇ ಲೂಯಿಗೆ ಗಿಡ ಸಾಲದು, ಬೆಳೆದ ಕಾಡೇ ಬೇಕಾಗಿತ್ತು. ಮಾರ್ಲಿಯ ಅರಮನೆ ತೋಟಕ್ಕೆ ಕೊಂಪಿಯೆನ್ ಮುಂತಾದ ದೂರದ ಕಾಡುಗಳಿಂದ ದೊಡ್ಡ ಮರಗಳನ್ನು ತರಿಸಿದ. ತಂದವುಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಸತ್ತವು, ಸತ್ತ ಕೂಡಲೇ ಅದೇ ಜಾಗಕ್ಕೆ ಮತ್ತೊಂದು ಬಂತು ಎಂದು ಆಸ್ಥಾನದಲ್ಲಿದ್ದ ಸೇಂಟ್ ಸಿಮೊನ್ ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾನೆ. ಸತ್ತದ್ದನ್ನು ಎಣಿಸುವ ಗೋಜು ರಾಜನಿಗೆ ಇರಲಿಲ್ಲ, ಖಜಾನೆ ಇತ್ತು.

ಚಳಿ ದೇಶದವರಿಗೆ ಇನ್ನೊಂದು ಅನುಕೂಲವಿತ್ತು. ಇಂಗ್ಲೆಂಡಿನ ಜಾನ್ ಎವಲಿನ್ 1664ರಲ್ಲಿ ಪ್ರಕಟಿಸಿದ ‘ಸಿಲ್ವ’ ಪುಸ್ತಕದಲ್ಲಿ ಮರದ ಸುತ್ತ ಕಾಲುವೆ ತೋಡಿ, ನೀರು ಹೊಯ್ದು, ಹಿಮದಲ್ಲಿ ಮಣ್ಣು ಕಲ್ಲಿನಂತೆ ಗಟ್ಟಿಯಾದ ಮೇಲೆ ಎತ್ತುವ ಉಪಾಯ ಹೇಳಿದ್ದಾನೆ. ನಮ್ಮ ಕೆಂಪು ಮಣ್ಣಿಗೆ ಆ ಭಾಗ್ಯವಿಲ್ಲ. ಇಲ್ಲಿ ಗಡ್ಡೆ ಒಡೆಯದಂತೆ ಹಿಡಿಯಬೇಕಾದದ್ದು ಗೋಣಿತಟ್ಟು ಮತ್ತು ಹುರಿ.

ಗಾಡಿಯಿಂದ ಯಂತ್ರಕ್ಕೆ

18ನೇ ಶತಮಾನದಲ್ಲಿ ಇಂಗ್ಲೆಂಡಿನ ಉದ್ಯಾನಶಿಲ್ಪಿ ಕೇಪಬಿಲಿಟಿ ಬ್ರೌನ್ ಎರಡು ಚಕ್ರ, ಒಂದು ಉದ್ದನೆಯ ಕಂಬ ಇದ್ದ ಗಾಡಿಯನ್ನು ಬಳಕೆಗೆ ತಂದ. ಕಂಬವನ್ನು ನೆಟ್ಟಗೆ ನಿಲ್ಲಿಸಿ ಮರದ ಕಾಂಡಕ್ಕೆ ಬಿಗಿಯುವುದು, ಆಮೇಲೆ ಕಂಬವನ್ನು ನೆಲಕ್ಕೆ ಎಳೆಯುವುದು. ಏತದ ಲೆಕ್ಕದಲ್ಲಿ ಮರ ಬೇರು ಸಮೇತ ಮೇಲೆದ್ದು ಗಾಡಿಯ ಮೇಲೆ ಮಲಗುತ್ತಿತ್ತು. ಕುದುರೆ ಕಟ್ಟಿ ಎಳೆದೊಯ್ದರಾಯಿತು.

ಎತ್ತುವುದು ಸುಲಭವಾಯಿತು, ಬದುಕಿಸುವುದು ಆಗಲಿಲ್ಲ. ಈ ತೊಡಕಿನ ಮೇಲೆ ಸ್ಕಾಟ್ಲೆಂಡಿನ ಜಮೀನುದಾರ ಸರ್ ಹೆನ್ರಿ ಸ್ಟುವರ್ಟ್ 1828ರಲ್ಲಿ ‘ದಿ ಪ್ಲಾಂಟರ್ಸ್ ಗೈಡ್’ ಎಂಬ ಪುಸ್ತಕವನ್ನೇ ಬರೆದ. ಮರ ಸಾಗಿಸುವವರು ಕೊಂಬೆಗಳನ್ನೆಲ್ಲ ಸವರಿ ಬೋಳು ಮಾಡುವುದನ್ನು ಅವನು ಒಪ್ಪಲಿಲ್ಲ. ಬಯಲಿನಲ್ಲಿ ಗಾಳಿಗೆ ಮೈಯೊಡ್ಡಿ ಬೆಳೆದ, ದಪ್ಪ ತೊಗಟೆಯ, ನಾಲ್ಕೂ ಕಡೆ ಬೇರು ಹರಡಿದ ಮರವನ್ನೇ ಆರಿಸಿಕೊಳ್ಳಬೇಕು, ಕೊಂಬೆಯನ್ನೂ ಬೇರನ್ನೂ ಆದಷ್ಟು ಉಳಿಸಬೇಕು ಎಂಬುದು ಅವನ ವಾದ. ಯಾವ ಮರವನ್ನು ಕೀಳಬಹುದು ಎಂಬ ಪ್ರಶ್ನೆ ಹೇಗೆ ಕೀಳಬೇಕು ಎಂಬುದಕ್ಕಿಂತ ಮೊದಲು ಬರಬೇಕು ಎಂದು ಅವನು ಗುರುತಿಸಿದ್ದ.

ಇಂಗ್ಲೆಂಡಿನ ಎಲ್ವಾಸ್ಟನ್ ಕ್ಯಾಸಲ್ ತೋಟದ ವಿಲಿಯಂ ಬ್ಯಾರನ್ 1830ರ ದಶಕದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಮರದ ಸುತ್ತ ಅಗೆದು, ಗಡ್ಡೆಯ ಅಡಿಗೆ ಹಲಗೆ ತೂರಿಸಿ, ಮಣ್ಣು ಉದುರದಂತೆ ನಿಂತ ನಿಲುವಿನಲ್ಲೇ ಎತ್ತಿ ಸಾಗಿಸುವ ಗಾಡಿ ಅವನದು. 1880ರಲ್ಲಿ ಡೋವರ್ ಹತ್ತಿರದ ಬಕ್‌ಲ್ಯಾಂಡಿನಲ್ಲಿ ಚರ್ಚು ವಿಸ್ತರಿಸಲು ಸಾವಿರ ವರ್ಷದ್ದೆಂದು ಹೆಸರಾದ ಯೂ ಮರ ಅಡ್ಡವಾದಾಗ ಕರೆ ಹೋದದ್ದು ಎಪ್ಪತ್ತು ದಾಟಿದ ಬ್ಯಾರನ್‌ಗೇ. ಮಣ್ಣು ಸೇರಿ ಸುಮಾರು 55 ಟನ್ ತೂಕದ ಆ ಮರವನ್ನು ಅವನು ಅರವತ್ತು ಅಡಿಯಷ್ಟು ಸರಿಸಿದ. ಮರ ಇಂದಿಗೂ ಹಸಿರಾಗಿದೆ. ಸರಿಸಿದ್ದು ಊರಾಚೆಗಲ್ಲ, ಅದೇ ಅಂಗಳದಲ್ಲಿ ಅರವತ್ತು ಅಡಿ ಎಂಬುದನ್ನು ಗಮನಿಸಬೇಕು.

ನರ್ಸರಿಯ ಕೂಸು

ವಿಡಿಯೊದಲ್ಲಿ ಕಾಣುವ ಯಂತ್ರ, ಅಂದರೆ ಟ್ರೀ ಸ್ಪೇಡ್, ಬಂದದ್ದು 1960ರ ದಶಕದ ಅಮೆರಿಕದಲ್ಲಿ. ಅಲ್ಲಿನ ಊರುಗಳಲ್ಲಿ ಹೊಸ ಬಡಾವಣೆಗಳು ಏಳುತ್ತಿದ್ದವು, ಮನೆ ಕೊಂಡವರಿಗೆ ಅಂಗಳದಲ್ಲಿ ತಕ್ಷಣ ನೆರಳು ಬೇಕಿತ್ತು. ನರ್ಸರಿಯವರು ಸಾಲಾಗಿ ಬೆಳೆಸಿದ ಮರಗಳನ್ನು ಅಗೆದು ಮಾರಬೇಕು, ಆದರೆ ಕೈಯಲ್ಲಿ ಅಗೆಯುವ ಕೂಲಿ ದುಬಾರಿ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಶಕ್ತಿ ಕೈಗೆಟುಕಿದ್ದರಿಂದ ಯಂತ್ರ ಸಾಧ್ಯವಾಯಿತು. ಅಮೆರಿಕದ ವರ್ಮೀರ್, ಜರ್ಮನಿಯ ಆಪ್ಟಿಮಲ್, ನೆದರ್ಲೆಂಡ್ಸಿನ ಡಾಮ್‌ಕಾನ್ ಈ ಸಾಲಿನ ಹೆಸರಾಂತ ತಯಾರಕರು.

ಕೆಲಸ ನೋಡಲು ಸರಳ. ಉಕ್ಕಿನ ಬಳೆಯಂಥ ಚೌಕಟ್ಟು ಒಂದು ಕಡೆ ಬಾಗಿಲಿನಂತೆ ತೆರೆಯುತ್ತದೆ. ಚಾಲಕ ಟ್ರ್ಯಾಕ್ಟರನ್ನು ಹಿಂದಕ್ಕೆ ತಂದು ಕಾಂಡವನ್ನು ಬಳೆಯ ನಡುವೆ ತಂದುಕೊಂಡು ಬಾಗಿಲು ಮುಚ್ಚುತ್ತಾನೆ. ಬಳೆಯ ಸುತ್ತ ಮೂರೋ ನಾಲ್ಕೋ ಅಲಗುಗಳು. ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಓರೆಯಾಗಿ ನೆಲಕ್ಕೆ ಇಳಿಸುತ್ತ ಬಂದರೆ ಎಲ್ಲವೂ ಅಡಿಯಲ್ಲಿ ಹತ್ತಿರ ಸೇರುತ್ತವೆ. ಲಿವರ್ ಎಳೆದರೆ ಬುಗುರಿಯ ಆಕಾರದ ಮಣ್ಣಿನ ಗಡ್ಡೆ ಮರದೊಂದಿಗೆ ಮೇಲೆ ಬರುತ್ತದೆ. ಅದನ್ನು ಗೋಣಿತಟ್ಟು ಹಾಸಿದ ತಂತಿ ಬುಟ್ಟಿಯೊಳಗೆ ಇಳಿಸಿ ಬಿಗಿಯುತ್ತಾರೆ, ಇಲ್ಲವೇ ಅದೇ ಯಂತ್ರದಿಂದ ಮೊದಲೇ ತೋಡಿಟ್ಟ ಅಷ್ಟೇ ಅಳತೆಯ ಗುಂಡಿಗೆ ಕೂರಿಸುತ್ತಾರೆ.

ಈ ಮರಗಳಿಗೆ ಹಿಂದಿನ ಚರಿತ್ರೆಯೊಂದಿದೆ. ಯುರೋಪಿನ ಒಳ್ಳೆಯ ನರ್ಸರಿಗಳಲ್ಲಿ ಮರವನ್ನು ಕೆಲವು ವರ್ಷಗಳಿಗೊಮ್ಮೆ ಕಿತ್ತು ಮತ್ತೆ ನೆಡುತ್ತಾರೆ. ಹಾಗೆ ಮಾಡಿದಾಗ ಉದ್ದಕ್ಕೆ ಓಡುವ ಬೇರು ತುಂಡಾಗಿ ಕಾಂಡದ ಹತ್ತಿರವೇ ಎಳೆಬೇರಿನ ಜಡೆ ಕಟ್ಟುತ್ತದೆ. ಯಂತ್ರ ಎತ್ತುವ ಹೊತ್ತಿಗೆ ಮರಕ್ಕೆ ಜಾಗ ಬದಲಿಸಿ ಅಭ್ಯಾಸವಾಗಿರುತ್ತದೆ. ವಿಡಿಯೊದಲ್ಲಿ ಕಾಣುವುದು ಕೊನೆಯ ಎರಡು ನಿಮಿಷ, ಅದರ ಹಿಂದಿನ ಹತ್ತು ವರ್ಷ ಅದರಲ್ಲಿ ಇಲ್ಲ.

ಮೈಸೂರಿನ ಮರಕ್ಕೆ ಅದೇ ಲೆಕ್ಕ ಹಾಕಿದರೆ

ಮೈಸೂರಿನ ಸಾಲುಮರಗಳ ಕಥೆ ಬೇರೆ. ಹಳೆಯ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೊಸ ಅರಮನೆಯ ಜೊತೆಗೆ ಊರಿನ ನಕ್ಷೆಯೂ ಹೊಸದಾಗುತ್ತ ಬಂತು. 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಹುಟ್ಟಿ ಅಗಲ ರಸ್ತೆ, ಹೊಸ ಬಡಾವಣೆಗಳು ಬಂದವು. ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡಾದಲ್ಲಿ ಕೆಲಸ ಮಾಡಿದ್ದ ಜರ್ಮನಿಯ ಜಿ. ಎಚ್. ಕ್ರುಂಬಿಗಲ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಲಾಲ್‌ಬಾಗ್, ಬೃಂದಾವನದ ಜೊತೆಗೆ ವರ್ಷದ ಒಂದಲ್ಲ ಒಂದು ತಿಂಗಳಲ್ಲಿ ಒಂದು ಜಾತಿಯ ಮರ ಹೂಬಿಡುವಂತೆ ರಸ್ತೆಬದಿ ನೆಡುವ ಕ್ರಮಕ್ಕೂ ಅವರ ಹೆಸರು ಅಂಟಿಕೊಂಡಿದೆ. ಆಗ ಎಳೆಯ ಸಸಿ ತಂದು ನೆಟ್ಟರು. ನಿಂತಲ್ಲೇ ನೂರು ವರ್ಷ ಬಾಳಲಿ ಎಂಬುದು ಯೋಜನೆ. ಮುಂದೆ ಯಾರೋ ಇವನ್ನು ಕೀಳಲು ಬರುತ್ತಾರೆಂದು ಬೇರನ್ನು ಯಾರೂ ಸಜ್ಜುಗೊಳಿಸಿರಲಿಲ್ಲ.

ಮರ ಸಾಗಿಸುವವರ ರೂಢಿಯ ಲೆಕ್ಕ ಇದು: ಕಾಂಡದ ಒಂದೊಂದು ಇಂಚು ದಪ್ಪಕ್ಕೆ ಹತ್ತರಿಂದ ಹನ್ನೆರಡು ಇಂಚು ಅಗಲದ ಮಣ್ಣಿನ ಗಡ್ಡೆ ಬೇಕು. ಮೂರು ಇಂಚು ದಪ್ಪದ ಹೊಂಗೆಗೆ ಮೂರಡಿ ಗಡ್ಡೆ ಸಾಕು, ಟ್ರ್ಯಾಕ್ಟರಿನ ಸ್ಪೇಡ್ ಅದನ್ನು ಸಲೀಸಾಗಿ ಎತ್ತುತ್ತದೆ. ಅದೇ ರಸ್ತೆಬದಿಯ ಎರಡಡಿ ದಪ್ಪದ ಮಳೆಮರವನ್ನು ತೆಗೆದುಕೊಳ್ಳಿ. 24 ಇಂಚಿಗೆ 240 ಇಂಚು, ಅಂದರೆ 20 ಅಡಿ ಅಗಲದ ಗಡ್ಡೆ. ಮೂರಡಿ ಆಳಕ್ಕೆ ಅಗೆದರೂ ಮಣ್ಣೇ ಹತ್ತಿರಹತ್ತಿರ 45 ಟನ್ ತೂಗುತ್ತದೆ. ಎರಡು ಪಥದ ರಸ್ತೆಯ ಒಟ್ಟು ಅಗಲ 23 ಅಡಿ. ಲಾರಿಯ ಅಗಲ ಎಂಟಡಿ. ಬ್ಯಾರನ್ ಅರವತ್ತು ಅಡಿ ಸರಿಸಲು ಪಟ್ಟ ಪಾಡನ್ನು ಇಲ್ಲಿ ಕೇಬಲ್, ನೀರಿನ ಪೈಪು, ಒಳಚರಂಡಿ, ತಲೆಯ ಮೇಲಿನ ಕರೆಂಟ್ ತಂತಿಗಳ ನಡುವೆ ಪಡಬೇಕು.

ಹಾಗಾಗಿ ನಮ್ಮಲ್ಲಿ ನಡೆಯುವುದು ಬೇರೆಯೇ. ಜೆಸಿಬಿ ಬಂದು ಸುತ್ತ ಅಗೆಯುತ್ತದೆ. ಗಡ್ಡೆಯನ್ನು ಲಾರಿಗೆ ಹಿಡಿಸುವಷ್ಟಕ್ಕೆ ಇಳಿಸುತ್ತಾರೆ. 20 ಅಡಿ ಬೇಕಾದ ಕಡೆ ಎಂಟಡಿ ಎಂದರೆ ವಿಸ್ತೀರ್ಣದಲ್ಲಿ ಆರನೇ ಒಂದು ಭಾಗವೂ ಇಲ್ಲ. ಅಷ್ಟು ಬೇರು ಮೇಲಿನ ಕೊಂಬೆಗಳಿಗೆ ನೀರು ಕೊಡಲಾರದು, ಆದ್ದರಿಂದ ಕೊಂಬೆಯೂ ಹೋಗುತ್ತದೆ. ಕ್ರೇನಿಗೆ ಸಿಗುವುದು ಬೋಳು ಕೊರಡು.

ಇದನ್ನು ತಡೆದುಕೊಳ್ಳುವ ಜಾತಿಗಳೂ ಇವೆ. ಆಲ, ಅರಳಿ, ಅತ್ತಿ, ಗೋಣಿ, ಬಸರಿ ಮುಂತಾದ ಹಾಲು ಬರುವ ಮರಗಳ ಕೊಂಬೆ ಕಡಿದು ನೆಟ್ಟರೂ ಚಿಗುರುತ್ತದೆಂದು ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ತೆಲಂಗಾಣದ ಸಿರಿಸಿಲ್ಲ ಜಿಲ್ಲೆಯಲ್ಲಿ ಮಳೆಗೆ ಬುಡಮೇಲಾಗಿದ್ದ ಸುಮಾರು 70 ವರ್ಷದ ಆಲವನ್ನು ನೀರೆರೆದು ಉಳಿಸಿಕೊಂಡು, 2022ರಲ್ಲಿ ಬೇರೆ ಕಡೆಗೆ ಸಾಗಿಸಿ ನೆಟ್ಟರು. ಆಲಕ್ಕೆ ಆದದ್ದು ಹಳೆಯ ಬೇವಿಗೋ ತೇಗಕ್ಕೋ ಹಾಗೆಯೇ ಆಗುತ್ತದೆಂದು ನಂಬಿದರೆ ಮೋಸ ಹೋಗುತ್ತೇವೆ.

ಹುಸಿ ಚಿಗುರು

ದೆಹಲಿ ಸರ್ಕಾರ 2020ರಲ್ಲಿ ಮರ ಸ್ಥಳಾಂತರಕ್ಕೆಂದೇ ನೀತಿ ತಂದಿತು. ಯೋಜನೆಗೆ ಅಡ್ಡಬರುವ ಮರಗಳಲ್ಲಿ ಶೇ 80ರಷ್ಟನ್ನು ಸಾಗಿಸಬೇಕು, ಸಾಗಿಸಿದವುಗಳಲ್ಲಿ ಶೇ 80 ಬದುಕಬೇಕು ಎಂಬುದು ಗುರಿ. ಹೈಕೋರ್ಟಿಗೆ 2022ರಲ್ಲಿ ಸಲ್ಲಿಸಿದ ಲೆಕ್ಕದಲ್ಲಿ, ಹಿಂದಿನ ಮೂರು ವರ್ಷ ಸಾಗಿಸಿದ 16,461 ಮರಗಳಲ್ಲಿ ಉಳಿದದ್ದು ಮೂರರಲ್ಲಿ ಒಂದು ಭಾಗ. ಲೂಯಿಯ ಕಾಲದ ಲೆಕ್ಕಕ್ಕಿಂತ ಬಹಳ ದೂರವೇನೂ ಬಂದಿಲ್ಲ. ಬದಲಾದದ್ದು ಎತ್ತುವ ಯಂತ್ರ ಮಾತ್ರ.

ಮರ ಸತ್ತದ್ದು ಬೇಗ ತಿಳಿಯುವುದೂ ಇಲ್ಲ. ಕಾಂಡದಲ್ಲಿ ಕೂಡಿಟ್ಟ ಆಹಾರದ ಬಲದಿಂದ ಕೊರಡು ಕೆಲವೇ ವಾರಗಳಲ್ಲಿ ಚಿಗುರುತ್ತದೆ. ಹಸಿರು ಕಂಡ ಕೂಡಲೇ ಫೋಟೊ ತೆಗೆದು ‘ಯಶಸ್ವಿ’ ಎಂದು ಬರೆದುಬಿಡುವುದು ಸುಲಭ. ಹೊಸ ಬೇರು ಮೂಡದಿದ್ದರೆ ಕೂಡಿಟ್ಟದ್ದು ಖರ್ಚಾಗುವವರೆಗೆ ಮಾತ್ರ ಆ ಚಿಗುರಿನ ಆಯಸ್ಸು. ಎರಡು ಬೇಸಿಗೆ ದಾಟಿದ ಮೇಲೆಯೇ ಮರ ಹಿಡಿದಿದೆ ಎನ್ನಬೇಕು. ಅಷ್ಟು ಕಾಲ ನೀರಿನ ಟ್ಯಾಂಕರ್ ತಪ್ಪದೆ ಬರಬೇಕು.

ಬದುಕಿಸುವ ಕ್ರಮ ಗುಟ್ಟಿನದೇನಲ್ಲ. ಒಂದು ವರ್ಷ ಮೊದಲು ಮರದ ಸುತ್ತ ವೃತ್ತ ಎಳೆದು ಆರು ಪಾಲು ಮಾಡಬೇಕು. ಒಂದು ಬಿಟ್ಟು ಒಂದು ಪಾಲಿನಲ್ಲಿ ಕಾಲುವೆ ತೋಡಿ, ಸಿಕ್ಕ ಬೇರನ್ನು ಗರಗಸದಿಂದ ನೀಟಾಗಿ ಕೊಯ್ದು, ಗೊಬ್ಬರ ಬೆರೆಸಿದ ಮಣ್ಣು ತುಂಬಬೇಕು. ಮೈಸೂರಿಗೆ ಏಪ್ರಿಲ್, ಮೇ ತಿಂಗಳಲ್ಲೇ ಭರಣಿ, ಕೃತ್ತಿಕೆ ಮಳೆ ಬರುವುದರಿಂದ ಕೊಯ್ದ ತುದಿಗಳಲ್ಲಿ ಎಳೆಬೇರು ಒಡೆಯಲು ಒಳ್ಳೆಯ ಕಾಲ. ಉಳಿದ ಮೂರು ಪಾಲು ಮುಂದಿನ ಸರದಿಗೆ. ಎತ್ತುವ ಎರಡು ದಿನ ಮೊದಲು ನೀರುಣಿಸಬೇಕು. ಕಾಂಡದಲ್ಲಿ ಉತ್ತರ ದಿಕ್ಕಿಗೆ ಬಣ್ಣದ ಗುರುತು ಹಾಕಿ ಹೊಸ ಜಾಗದಲ್ಲೂ ಅದೇ ಮುಖಕ್ಕೆ ನಿಲ್ಲಿಸಬೇಕು, ಇಲ್ಲವಾದರೆ ನೆರಳಲ್ಲಿದ್ದ ತೊಗಟೆ ಬಿಸಿಲಿಗೆ ಬಿರಿಯುತ್ತದೆ. ಎತ್ತಲು ಸರಪಳಿ ಬೇಡ, ಅಗಲದ ಪಟ್ಟಿ ಬೇಕು. ಬುಡವನ್ನು ಮೊದಲಿದ್ದ ಮಟ್ಟಕ್ಕಿಂತ ಆಳಕ್ಕೆ ಹೂಳಬಾರದು.

ಯಂತ್ರ ಬೇಕು, ಜಾಗ ಬೇರೆ

ಇದೆಲ್ಲಕ್ಕೂ ಬೇಕಾದದ್ದು ಕಾಲ. ರಸ್ತೆ ಯೋಜನೆ ರಾತ್ರೋರಾತ್ರಿ ಹುಟ್ಟುವುದಿಲ್ಲ. ಅಂದಾಜುಪಟ್ಟಿ, ಮಂಜೂರಾತಿ, ಟೆಂಡರ್ ಎಂದು ವರ್ಷಗಳು ಕಳೆಯುತ್ತವೆ. ಬೇರು ಕೊಯ್ಯುವ ಕೆಲಸ ಆ ಅಂದಾಜುಪಟ್ಟಿಯಲ್ಲೇ ಇರಬೇಕು. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ 50ಕ್ಕಿಂತ ಹೆಚ್ಚು ಮರ ತೆಗೆಯುವುದಿದ್ದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಹೈದರಾಲಿ ರಸ್ತೆಯಂತೆ ಸಂಖ್ಯೆ 40 ಇದ್ದಾಗಲೂ ಒಂದು ವರ್ಷ ಮುಂಚೆ ಹೇಳಲು ಕಾನೂನೇನೂ ಅಡ್ಡಬರುವುದಿಲ್ಲ. ಮುಂಚೆ ಗೊತ್ತಾದರೆ ರಸ್ತೆಯ ಗೆರೆಯನ್ನೇ ಬದಲಿಸುವ ದಾರಿಯೂ ಇರುತ್ತದೆ. ಹುಲಿಕಲ್–ಕುದೂರು ನಡುವೆ ಸಾಲುಮರದ ತಿಮ್ಮಕ್ಕ ಬೆಳೆಸಿದ ಆಲಗಳಿಗೆ 2019ರಲ್ಲಿ ರಸ್ತೆ ಅಗಲೀಕರಣದ ಭೀತಿ ಬಂದಾಗ ಅವರು ಸರ್ಕಾರದ ಮೊರೆ ಹೋದರು, ಮರಗಳನ್ನು ಉಳಿಸುವ ಭರವಸೆ ಪಡೆದರು. ಕೀಳುವುದಕ್ಕಿಂತ ಅಗ್ಗದ ಉಪಾಯ ಅದು.

ಹಾಗಾದರೆ ಟ್ರೀ ಸ್ಪೇಡ್ ಮೈಸೂರಿಗೆ ಬೇಡವೇ? ಬೇಕು, ಅದು ಹುಟ್ಟಿದ ಕೆಲಸಕ್ಕೇ ಬೇಕು. ಹಳೆಯ ಮರ ಬಿದ್ದ ಕಡೆ ಇಂದು ನಾವು ನೆಡುವುದು ಮೊಣಕಾಲೆತ್ತರದ ಸಸಿ. ದನ ಮೇಯ್ದು, ಬೈಕ್ ತಾಗಿ, ನೀರಿಲ್ಲದೆ ಅದು ಮುಂದಿನ ಬೇಸಿಗೆ ಕಾಣುವುದು ಅಪರೂಪ. ಅದರ ಬದಲು ನಗರದ ಹೊರಗೆ ಕೆಲವು ಎಕರೆಯಲ್ಲಿ ಹೊಂಗೆ, ಬೇವು, ಬಸರಿ, ಮಹಾಗನಿಗಳನ್ನು ಸಾಲಾಗಿ ಬೆಳೆಸಿ, ಎರಡು ಮೂರು ವರ್ಷಕ್ಕೊಮ್ಮೆ ಬೇರು ಕೊಯ್ದು, ಮೂರು ನಾಲ್ಕು ಇಂಚು ದಪ್ಪವಾದ ಮೇಲೆ ಸ್ಪೇಡಿನಿಂದ ಎತ್ತಿ ತಂದು ರಸ್ತೆಬದಿಯ ಖಾಲಿ ಜಾಗ ತುಂಬಬಹುದು. ಹನ್ನೆರಡಡಿ ಎತ್ತರದ ಮರ ದನದ ಬಾಯಿಗೆ ಎಟುಕುವುದಿಲ್ಲ. ಆದರೆ ಅಂಥ ಮರ 2035ರಲ್ಲಿ ಬೇಕೆಂದರೆ ಬೀಜ ಹಾಕಬೇಕಾದದ್ದು ಈ ವರ್ಷ. ಯಂತ್ರದ ಟೆಂಡರ್ ಅದಾದ ಮೇಲೆ ಕರೆದರೂ ನಡೆಯುತ್ತದೆ.