ಬದಿಗೆ ಅರ್ಧ ಗಂಟೆ: ಭಾವಗೀತೆಯ ಆಲ್ಬಂ ಯಾಕೆ ಚಿಕ್ಕದಾಗಿರಬೇಕು?

ನಾನು ಜೂಜುವಾಡಿಯಿಂದ ಮಾತಾಡ್ತಿದ್ದೀನಿ. ಅತ್ತಿಬೆಲೆ ದಾಟಿದ ಕೂಡಲೇ ಸಿಗೋ ಊರು, ಆದರೆ ತಮಿಳುನಾಡಿಗೆ ಸೇರಿದ್ದು. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಇಲ್ಲಿ ಕನ್ನಡ ಮನೆಮಾತಿನ ಮಕ್ಕಳಿಗೂ ಹಂತಹಂತವಾಗಿ ತಮಿಳು ಕಡ್ಡಾಯ ವಿಷಯವಾಯಿತು. ಹಾಗಾಗಿ ಎಷ್ಟೋ ಮಕ್ಕಳಿಗೆ ಕನ್ನಡ ಕವಿತೆ ಪುಸ್ತಕಕ್ಕಿಂತ ಮೊದಲು ಕಿವಿಯಿಂದ ಸಿಗುತ್ತೆ. ಆಲ್ಬಂ ಎಷ್ಟು ಉದ್ದ ಇರಬೇಕು ಅನ್ನೋದು ಇಲ್ಲಿ ಬರೀ ಅಭಿರುಚಿಯ ಪ್ರಶ್ನೆ ಅಲ್ಲ. ನನ್ನ ವಾದ ಇಷ್ಟೇ: ಚಿಕ್ಕ ಆಲ್ಬಂ ಬಾಯಿಪಾಠ ಆಗುತ್ತೆ, ದೊಡ್ಡದು ಆಗಲ್ಲ.

ಮೊದಲು ಸ್ವಲ್ಪ ಇತಿಹಾಸ. 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಹಾಡನ್ನು ಧ್ವನಿಮುದ್ರಿಸಿದಾಗ ಗ್ರಾಮಫೋನ್ ಪ್ಲೇಟಿನಲ್ಲಿ ಹಿಡೀತಿದ್ದದ್ದು ಎರಡು ಮೂರು ನಿಮಿಷ. 1948ರಲ್ಲಿ ಎಲ್‌ಪಿ ಬಂತು, ಬದಿಗೆ ಇಪ್ಪತ್ತು ಚಿಲ್ಲರೆ ನಿಮಿಷ. ಅದಕ್ಕಿಂತ ಹೆಚ್ಚು ತುಂಬಿಸಿದರೆ ಗೀರುಗಳು ಇಕ್ಕಟ್ಟಾಗಿ ಧ್ವನಿ ಕುಗ್ಗುತ್ತಿತ್ತು.

ಕನ್ನಡ ಭಾವಗೀತೆ ಮನೆಮನೆಗೆ ತಲುಪಿದ್ದು ಕ್ಯಾಸೆಟ್‌ನಲ್ಲಿ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿದ 'ನಿತ್ಯೋತ್ಸವ' 1978ರಲ್ಲಿ ಬಂತು. ಆಮೇಲೆ ಸಿ. ಅಶ್ವತ್ಥ್ ಸಂಗೀತದ 'ಮೈಸೂರು ಮಲ್ಲಿಗೆ'. 60 ನಿಮಿಷದ ಕ್ಯಾಸೆಟ್ ಅಂದ್ರೆ ಬದಿಗೆ 30. ಹಾಡಿಗೆ ಐದಾರು ನಿಮಿಷ ಅಂತ ಹಿಡಿದ್ರೆ ಒಟ್ಟು ಹತ್ತು ಹನ್ನೆರಡು ಹಾಡು. ಕೆ.ಎಸ್. ನರಸಿಂಹಸ್ವಾಮಿಯವರ 1942ರ ಸಂಕಲನ ಪೂರ್ತಿ ಅದರಲ್ಲಿ ಹಿಡಿಸಲ್ಲ, ಕೂತು ಆರಿಸಲೇಬೇಕು. ಯಾವುದು ಮೊದಲು, ಬದಿ ತಿರುಗಿಸಿದ ಮೇಲೆ ಯಾವುದು ಅಂತ ಯೋಚಿಸಬೇಕು. ಇನ್ನೊಂದು ವಿಷಯ: ಟೇಪ್ ಮುಂದಕ್ಕೆ ಓಡಿಸೋದು ತಲೆನೋವಿನ ಕೆಲಸ, ಅದಕ್ಕೇ ಜನ ಸಾಲಾಗಿ ಕೇಳ್ತಿದ್ರು. ಒಂದು ಹಾಡು ಮುಗಿಯೋ ಹೊತ್ತಿಗೆ ಮುಂದಿನದರ ಪಲ್ಲವಿ ತಾನಾಗಿ ಬಾಯಿಗೆ ಬರ್ತಿತ್ತು.

ಮುಂದೆ ಈ ಮಿತಿ ಸಡಿಲವಾಯಿತು. ಸಿಡಿಗೆ 74 ನಿಮಿಷ. 700 ಎಂಬಿಯ ಎಂಪಿ3 ಸಿಡಿಯಲ್ಲಿ, 128 ಕೆಬಿಪಿಎಸ್ ಲೆಕ್ಕಕ್ಕೆ, ಸುಮಾರು 12 ಗಂಟೆ. ನೂರಕ್ಕೂ ಮೀರಿ ಹಾಡು. ಸ್ಟ್ರೀಮಿಂಗ್‌ನಲ್ಲಂತೂ ಉದ್ದ ಮಾಡಿದ್ರೆ ಲಾಭವೇ ಇದೆ. ಸ್ಪಾಟಿಫೈನಲ್ಲಿ ಒಂದು ಹಾಡನ್ನ 30 ಸೆಕೆಂಡ್ ಕೇಳಿದ್ರೆ ಒಂದು ಎಣಿಕೆ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿ 2014ರ ಕೊನೆಯಲ್ಲಿ 1500 ಎಣಿಕೆಯನ್ನು ಒಂದು ಆಲ್ಬಂ ಮಾರಾಟಕ್ಕೆ ಸಮ ಅಂತ ಹಿಡಿಯಿತು. ಹಾಡು ಹೆಚ್ಚಿದ್ದಷ್ಟೂ ಎಣಿಕೆ ಹೆಚ್ಚು. ಡ್ರೇಕ್‌ನ 2018ರ 'ಸ್ಕಾರ್ಪಿಯನ್'ನಲ್ಲಿ 25 ಹಾಡುಗಳಿವೆ.

ಪ್ರಶ್ನೆ (ಚಾಟ್‌ನಲ್ಲಿ ಬಂದದ್ದು): ಹಾಗಾದ್ರೆ ಒಂದು ಗಂಟೆಯ ರಾಗ, ರಾತ್ರಿಯಿಡೀ ನಡೆಯೋ ಯಕ್ಷಗಾನ? ಅವನ್ನೂ ಕತ್ತರಿಸಬೇಕಾ?

ಉತ್ತರ: ಬೇಡ. ಅಲ್ಲಿ ಒಂದೇ ವಸ್ತು ಬೆಳೀತಾ ಹೋಗುತ್ತೆ, ಹಿಂದಿನದರ ಮೇಲೆ ಮುಂದಿನದು ನಿಲ್ಲುತ್ತೆ. ಭಾವಗೀತೆಯ ಆಲ್ಬಂ ಬಿಡಿ ಹಾಡುಗಳ ಸಾಲು. ಹದಿಮೂರನೆಯದು ಸೇರಿದ್ರೆ ಮೂರನೆಯದನ್ನ ಮತ್ತೆ ಕೇಳೋ ಸರದಿ ಅಷ್ಟು ತಡವಾಗಿ ಬರುತ್ತೆ. ಲೆಕ್ಕ ಹಾಕಿ ನೋಡಿ: ದಿನಕ್ಕೆ ಅರ್ಧ ಗಂಟೆ ಕೇಳೋ ಮಗುವಿಗೆ ಐದೈದು ನಿಮಿಷದ ಎಂಟು ಹಾಡು ವಾರದಲ್ಲಿ ಐದು ಸಲ ಸಿಗುತ್ತೆ. 120 ಹಾಡಿನ ಸಂಗ್ರಹ ಒಂದೇ ಒಂದು ಸುತ್ತು ಮುಗಿಯೋಕೆ 20 ದಿನ ಬೇಕು. ಲಿಪಿ ಗಟ್ಟಿಯಾಗಿ ಬರದ ಮಗುವಿಗೆ ಮತ್ತೆ ಮತ್ತೆ ಕೇಳೋದೇ ಪಾಠ. ಅದಕ್ಕೇ, ನಮ್ಮ ಗಡಿ ಊರುಗಳ ಮಕ್ಕಳಿಗಾಗಿ ಯಾರಾದ್ರೂ ಆಲ್ಬಂ ಮಾಡೋದಿದ್ರೆ, ಎಂಟೇ ಹಾಡು ಆರಿಸಿ ಅಂತ ಕೇಳ್ಕೋತೀನಿ. ಬಿಟ್ಟ ಹಾಡುಗಳು ಎರಡನೇ ಆಲ್ಬಂಗೆ ಇದ್ದೇ ಇರ್ತಾವೆ.